ಕಾತ್ಯಾಯಿನಿ ತಟ್ಟೆ ಇಟ್ಟ ದಿನ

ನಮ್ಮೂರಲ್ಲಿ ಯಾರಿಗಾದರೂ ಜ್ವರ ಬಂದರೆ ಡಾಕ್ಟರಿಗಿಂತ ಮೊದಲು ಪಕ್ಕದ ಮನೆಗೆ ಸುದ್ದಿ ಹೋಗುತ್ತದೆ. ಜ್ವರ ಬಂದವರು ತಟ್ಟೆಯಲ್ಲಿ ಮೊಸರನ್ನವನ್ನೋ ಗಂಜಿಯನ್ನೋ ಇಟ್ಟುಕೊಂಡು ಕೂರುತ್ತಾರೆ. ಮನಸ್ಸಿದ್ದವರು ಬಂದು ಅದೇ ತಟ್ಟೆಗೆ ಕೈಹಾಕಿ ತುತ್ತು ತಿನ್ನುತ್ತಾರೆ. ಕೂತವರು ಎಷ್ಟು ಜನವೋ ಜ್ವರ ಅಷ್ಟು ಪಾಲಾಗುತ್ತದೆ. ನಾಲ್ವರು ಕೂತರೆ ಮೈ ಸುಡುವ ಜ್ವರವೂ ಒಬ್ಬೊಬ್ಬರ ಮೈಯಲ್ಲಿ ಒಂದಿಷ್ಟು ಬೆಚ್ಚಗಾಗಿ ಸಂಜೆಯೊಳಗೆ ಇಳಿದುಹೋಗುತ್ತದೆ. ಒಂದು ಕಾಯಿಲೆಗೆ ಒಂದೇ ತಟ್ಟೆ, ಒಂದೇ ಸಲ. ತಿಳಿದು ತಿಂದವರಿಗೆ ಮಾತ್ರ ಪಾಲು. ತಿಳಿಯದೆ ತಿಂದವರಿಗೆ ಬರೀ ಮೊಸರನ್ನ. ತಟ್ಟೆ ಖಾಲಿಯಾದ ಮೇಲೆ ಬಂದವರು ತಲೆ ಚಚ್ಚಿಕೊಂಡರೂ ಏನೂ ಆಗುವುದಿಲ್ಲ.

ಊರು ಇದಕ್ಕೆ ತಕ್ಕಂತೆ ನಡೆದುಕೊಂಡು ಬಂದಿದೆ. ಹೋಟೆಲಿನಲ್ಲಿ ಇಬ್ಬರು ಒಂದೇ ದೋಸೆ ಮುರಿದು ತಿಂದರೆ ಸುತ್ತಲಿನವರು ತಿರುಗಿ ನೋಡುತ್ತಾರೆ. ಮದುವೆಮನೆಯಲ್ಲಿ ಒಂದೇ ಎಲೆಯ ಭೂಮದೂಟಕ್ಕೆ ಕೂರಿಸುವ ಮುಂಚೆ ಹಿರಿಯರು ಹುಡುಗ ಹುಡುಗಿಯ ಹಣೆ ಮುಟ್ಟಿ ನೋಡುತ್ತಾರೆ. ಹೆಣ್ಣು ಕೇಳಲು ಬಂದವರು ಉಳಿದೆಲ್ಲ ಮಾತು ಮುಗಿದ ಮೇಲೆ ದನಿ ತಗ್ಗಿಸಿ, "ನಿಮ್ಮ ಮನೇಲಿ ಯಾರಾದ್ರೂ ದೊಡ್ಡ ತಟ್ಟೆಗೆ ಕೂತಿದ್ದಾರಾ?" ಎಂದು ಕೇಳುತ್ತಾರೆ. ದೊಡ್ಡ ತಟ್ಟೆಯೆಂದರೆ ಜೀವ ತೆಗೆಯುವಂಥ ಕಾಯಿಲೆಯ ತಟ್ಟೆ. ಹದಿನೆಂಟು ತುಂಬದವರನ್ನು ಯಾವ ತಟ್ಟೆಯ ಹತ್ತಿರವೂ ಬಿಡುವುದಿಲ್ಲ. ಕಾಯಿಲೆಯವರು ಬಾಯಿಬಿಟ್ಟು ಯಾರನ್ನೂ ಕರೆಯಬಾರದು. ದಿನ ಹೇಳಿ ಬಾಗಿಲು ತೆರೆದಿಡಬೇಕು, ಅಷ್ಟೆ.

ನಾನು ಇಂದುಮತಿ, ಹೈಸ್ಕೂಲಿನಲ್ಲಿ ಗಣಿತದ ಟೀಚರು. ಕಾತ್ಯಾಯಿನಿ ಕರೆಂಟ್ ಆಫೀಸಿನಲ್ಲಿ ಇಂಜಿನಿಯರ್. ಫರ್ಜಾನಳದು ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ. ಕಾಲೇಜಿನಲ್ಲಿ ಮೂವರೂ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದವರು. ಈಗ ಮೂವರಿಗೂ ಐವತ್ತು ಹತ್ತಿರವಾಗುತ್ತಿದೆ. ಅಂದಿನಿಂದ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೂತೇ ಬಂದಿದ್ದೆವು. ನನಗೆ ಟೈಫಾಯಿಡ್ ಬಂದಾಗ ಅವರಿಬ್ಬರೂ ಬಂದರು. ಹಬ್ಬದ ಬಟ್ಟೆಗಳ ರಾಶಿ ಬಿದ್ದಿರುವ ಹೊತ್ತಿಗೆ ಫರ್ಜಾನಳಿಗೆ ಸೊಂಟ ಹಿಡಿದರೆ ನಾವು ಹೋಗುತ್ತಿದ್ದೆವು. ಸಣ್ಣಪುಟ್ಟ ಕಾಯಿಲೆಗಳು, ಕೊಡುವಾಗಲೂ ನಗು, ತಗೊಳ್ಳುವಾಗಲೂ ನಗು. ವಯಸ್ಸಾಗುತ್ತ ಭೇಟಿಗೆ ಬಿಡುವಿಲ್ಲದಂತಾಯಿತು. ನನಗೆ ಎಸ್ಸೆಸ್ಸೆಲ್ಸಿಗೆ ಬಂದ ಮಗ, ಫರ್ಜಾನಳಿಗೆ ಮದುವೆ ಗೊತ್ತಾದ ಮಗಳು, ಕಾತ್ಯಾಯಿನಿಗೆ ಯಾವ ಹೊತ್ತಿನಲ್ಲೂ ಬಡಿದುಕೊಳ್ಳುವ ಆಫೀಸ್ ಫೋನು. ಆದರೂ ವಾರಕ್ಕೊಮ್ಮೆ ಹೇಗಾದರೂ ಮಾಡಿ ಫರ್ಜಾನಳ ಅಂಗಡಿಯಲ್ಲಿ ಸೇರಿ ಒಂದೊಂದು ಲೋಟ ಚಹಾ ಕುಡಿಯುತ್ತಿದ್ದೆವು.

ಮಗಳು ಮೈತ್ರಿ ಚಿಕ್ಕವಳಿರುವಾಗಲೇ ಕಾತ್ಯಾಯಿನಿಯ ಗಂಡ ಬಿಟ್ಟುಹೋಗಿದ್ದ. ಈಚೆಗೆ ಕೆಲವು ವರ್ಷಗಳಿಂದ ಅವಳಿಗೂ ಕನ್ನಡಕದ ಅಂಗಡಿಯ ಭುಜಂಗನಿಗೂ ಪ್ರೀತಿ. ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರ್ ಹಾಕಿಕೊಳ್ಳುವ, ಮಾತು ಕಡಿಮೆಯ ಮನುಷ್ಯ. ಮೈತ್ರಿ ಪರೀಕ್ಷೆ ಮುಗಿಸಿ ದೂರದ ಊರಿನ ಕಾಲೇಜು ಸೇರಿ ಹಾಸ್ಟೆಲಿನಲ್ಲಿದ್ದಳು. ಬರುವ ಶ್ರಾವಣದಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಳ್ಳುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಫರ್ಜಾನ ಆಗಲೇ ರವಿಕೆಯ ಬಟ್ಟೆ ಆರಿಸಿಟ್ಟಿದ್ದಳು.

ಆ ರವಿಕೆಗೆ ಅಳತೆ ಕೊಡುವಾಗಲೇ ಕಾತ್ಯಾಯಿನಿ ಹೇಳಿದ್ದು. ಎರಡೂ ಕೈ ಅಗಲಿಸಿ ನಿಂತಿದ್ದಳು. ಫರ್ಜಾನ ಟೇಪು ಸುತ್ತಿ, "ಏನೇ ಇದು, ಇಷ್ಟು ಇಳಿದುಹೋಗಿದೀಯ?" ಅಂದಳು.

"ರಕ್ತದಲ್ಲಿದೆಯಂತೆ," ಅಂದಳು ಕಾತ್ಯಾಯಿನಿ. "ಒಬ್ಬಳೇ ಇಟ್ಕೊಂಡ್ರೆ ದೀಪಾವಳಿ ನೋಡೋದು ಕಷ್ಟ ಅಂದ್ರು ಡಾಕ್ಟರಮ್ಮ."

ಫರ್ಜಾನ ಟೇಪನ್ನು ಹಾಗೇ ಹಿಡಿದು ನಿಂತಳು. ನನ್ನ ಕೈಯಲ್ಲಿದ್ದ ಚಹಾ ಲೋಟವನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

"ಹಂಚಿದ್ರೆ?" ಎಂದು ನಾನು ಕೇಳಿದೆ.

"ಇಬ್ಬರಾದ್ರೆ ಕೆಲವು ವರ್ಷ ಇರಬಹುದು. ಐದಾರು ಜನ ಆದ್ರೆ ಎಲ್ಲರೂ ಸುಸ್ತು, ನೋವು ಅಂತ ಅನ್ಕೊಂಡೇ ಮುದುಕರಾಗಬಹುದು. ಬಹುದು ಅಂದ್ರು, ಆಗುತ್ತೆ ಅನ್ನಲಿಲ್ಲ." ಆಮೇಲೆ, ಕರೆಂಟ್ ಹೋಗುವ ವೇಳೆಯನ್ನು ಫೋನಿನಲ್ಲಿ ಹೇಳುವ ಅದೇ ದನಿಯಲ್ಲಿ, "ಬರೋ ಭಾನುವಾರ ಹನ್ನೆರಡು ಗಂಟೆಗೆ ತಟ್ಟೆ ಇಡ್ತೀನಿ" ಎಂದು ಸೇರಿಸಿ ರವಿಕೆಯ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು.

ಅವತ್ತಿನಿಂದ ನನಗೆ ಹೆದರಿಕೆ ಹೊಕ್ಕಿತು. ಪಾಠ ಮಾಡುವಾಗ, ಮಗನಿಗೆ ಚಪಾತಿ ಲಟ್ಟಿಸುವಾಗ, ಸ್ನಾನದ ನೀರು ಹೊಯ್ದುಕೊಳ್ಳುವಾಗ ನನ್ನ ಕೈಕಾಲುಗಳನ್ನೇ ನೋಡಿಕೊಳ್ಳುತ್ತಿದ್ದೆ. ಮೊಣಕೈ ಮೇಲಿನ ನೀಲಿ ನರ ಕಂಡರೆ ಅದರೊಳಗೆ ಹರಿಯುವುದು ನೆನಪಾಗುತ್ತಿತ್ತು. ಕಾತ್ಯಾಯಿನಿ ಸಾಯುತ್ತಾಳೆಂಬ ಭಯ ಒಂದಾದರೆ, ಅವಳ ಜೊತೆ ನಾನೂ ಸಾಯಬಹುದೆಂಬ ಭಯ ಇನ್ನೊಂದು. ಎರಡನೆಯದೇ ದೊಡ್ಡದಿತ್ತು. ಆ ವರ್ಷ ನಮ್ಮ ಹೆಡ್‌ಮಿಸ್ ನಿವೃತ್ತಿಯಾಗುವವರಿದ್ದರು. ಮುಂದಿನ ಹೆಸರು ನನ್ನದೇ ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡ ತಟ್ಟೆಗೆ ಕೂತವರಿಗೆ ಆ ಕುರ್ಚಿ ಕೊಡುವುದಿಲ್ಲ. ಅದನ್ನು ಯೋಚಿಸಿ ನಾಚಿಕೆಪಟ್ಟುಕೊಂಡೆ, ಮತ್ತೆ ಅದನ್ನೇ ಯೋಚಿಸಿದೆ.

ನನ್ನ ಗಂಡ ಮಹಾದೇವನಿಗೆ ಔಷಧದ ಅಂಗಡಿ. ಕೂರುವವರಿಲ್ಲದೆ ಒಂಟಿಯಾಗಿ ಕಾಯಿಲೆ ಹೊತ್ತವರನ್ನು ದಿನವೂ ಗಲ್ಲಾಪೆಟ್ಟಿಗೆಯ ಆಚೆ ನೋಡುವವರು. ಬೆಳಗಿನ ತಿಂಡಿಗೆ ಕೂತಾಗ ನಾನು ವಿಷಯ ಎತ್ತಿದೆ. ಅವರು ಉಪ್ಪಿಟ್ಟಿನಲ್ಲಿ ಬೆರಳಾಡಿಸುತ್ತ, "ಕಾತ್ಯಾಯಿನಿ ಅಂದ್ರೆ ನನಗೂ ಗೌರವ ಇದೆ. ಆದ್ರೆ ನಿನ್ನ ಮೈ ನಿನ್ನೊಬ್ಬಳದಲ್ಲ, ಇಂದು" ಅಂದರು.

"ನೀವೂ ಬರಬಹುದಲ್ಲಾ ರೀ? ಒಬ್ಬರು ಹೆಚ್ಚಾದಷ್ಟೂ..."

"ಇಬ್ಬರೂ ಮಲಗಿದ್ರೆ ಹುಡುಗನ್ನ ನೋಡ್ಕೊಳ್ಳೋರು ಯಾರು?" ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಸುಳ್ಳು ಯಾಕೆ, ನನಗೆ ಭಯ."

ಅವರಿಗೊಬ್ಬರಿಗೇ ಅಲ್ಲ. ಕಾತ್ಯಾಯಿನಿಯ ಆಫೀಸಿನಲ್ಲಿ ಆ ವಾರ ಮೂರು ಜನ ಭಾನುವಾರಕ್ಕೆ ಸೇರಿಸಿ ರಜೆ ಹಾಕಿ ಊರು ಬಿಟ್ಟರು. ಅವಳ ಅಣ್ಣ ಫೋನು ಮಾಡಿ ತನಗೆ ಬೆನ್ನುನೋವು, ಬಸ್ಸಿನಲ್ಲಿ ಕೂರಲಾಗದು ಎಂದು ಅತ್ತನಂತೆ. ಮಾರ್ಕೆಟ್ಟಿನಲ್ಲಿ ಅವಳು ಬರುವುದು ಕಂಡರೆ ಜನ ಸೊಪ್ಪಿನ ಕಟ್ಟು ಅಲ್ಲೇ ಬಿಟ್ಟು ಬೇರೆ ಕಡೆ ನಡೆಯುತ್ತಿದ್ದರು. ಎದುರಾದರೆ ಎಲ್ಲಿ ಮಾತು ಕೊಡಬೇಕಾಗುತ್ತದೋ ಎಂಬ ಹೆದರಿಕೆ. ಕೆಟ್ಟವರಲ್ಲ, ಅವಳಿಂದ ಉಪಕಾರ ಪಡೆದವರೇ.

ಫರ್ಜಾನಳ ಅಂಗಡಿಗೆ ಹೋದರೆ ಅವಳು ಮಗಳ ಮದುವೆಯ ಜರಿ ಬಟ್ಟೆಗೆ ಅಂಚು ಕಟ್ಟುತ್ತಿದ್ದಳು. "ಗಂಡಿನ ಕಡೆಯೋರು ನಿನ್ನೆ ಫೋನ್ ಮಾಡಿದ್ರು" ಅಂದಳು. "ನಿಮ್ಮ ಸ್ನೇಹಿತೆಗೆ ಹುಷಾರಿಲ್ಲವಂತಲ್ಲ ಅಂದ್ರು. ಅಷ್ಟೇ ಅಂದಿದ್ದು. ಆದ್ರೆ ಯಾಕಂದ್ರು ಅಂತ ಗೊತ್ತಾಗಲ್ವಾ?" ಸೂಜಿ ಬೆರಳಿಗೆ ಚುಚ್ಚಿತು. ಬಾಯಲ್ಲಿಟ್ಟುಕೊಂಡು, "ನಾನು ಬರ್ತೀನಿ ಕಣೆ. ಬರ್ತೀನಿ. ನೀನು?" ಎಂದು ಕೇಳಿದಳು.

"ಬರ್ತೀನಿ" ಅಂದೆ. ನನ್ನ ದನಿಯೂ ಅವಳದರ ಹಾಗೇ ಇತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಭುಜಂಗನ ಅಂಗಡಿಗೆ ಹೋದೆ. ಅವನು ಬರುತ್ತಾನೋ ಇಲ್ಲವೋ ತಿಳಿದುಕೊಳ್ಳಬೇಕಿತ್ತು. ವಾರವಿಡೀ ಅವನು ಅವಳ ಮನೆಯ ಕಡೆ ಸುಳಿದಿರಲಿಲ್ಲ. ಊರವರು ಆಗಲೇ ಆಡಿಕೊಳ್ಳುತ್ತಿದ್ದರು. ಅವನು ಯಾರದೋ ಕನ್ನಡಕದ ಕಡ್ಡಿ ಸರಿಮಾಡುತ್ತಿದ್ದ. ನನ್ನನ್ನು ಕಂಡು ಎದ್ದುನಿಂತ.

"ನಾಳೆ ಬರ್ತೀರಾ ಭುಜಂಗ ಅವರೆ?"

"ಬರಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ ಟೀಚರೇ." ಅವನು ಸ್ವೆಟರಿನ ಮೇಲೆ ಕೈಯಿಟ್ಟುಕೊಂಡ. "ನನ್ನ ಹೆಂಡ್ತಿ ತಟ್ಟೆಗೆ ನಾನೊಬ್ಬನೇ ಕೂತಿದ್ದು. ಅವಳದರಲ್ಲಿ ಅರ್ಧ ಇನ್ನೂ ನನ್ನ ಎದೇಲೇ ಇದೆ. ಅದರ ಮೇಲೆ ಇನ್ನೊಂದು ಬಿದ್ರೆ ತಡೆಯಲ್ಲ ಅಂತ ಡಾಕ್ಟರಮ್ಮ ಇವಳಿಗೆ ಹೇಳಿಬಿಟ್ರು. ನೀನು ಹೊಸ್ತಿಲು ದಾಟಿದ್ರೆ ನಾನು ತಟ್ಟೆ ಚೆಲ್ಲಿಬಿಡ್ತೀನಿ ಅಂದಳು. ಚೆಲ್ಲೋಳೇ."

ನನಗೆ ತಡೆಯಲಾಗಲಿಲ್ಲ. "ನಿಮ್ಮ ಹೆಂಡ್ತಿ ಎಷ್ಟು ದಿನ ಇದ್ರು? ಅರ್ಧ ನೀವು ತಗೊಂಡ ಮೇಲೆ?"

ಅವನಿಗೆ ನಾನು ಯಾಕೆ ಕೇಳುತ್ತಿದ್ದೇನೆಂದು ತಿಳಿಯಿತು. "ಮೂರು ವರ್ಷ ಇದ್ಲು" ಅಂದ. "ನಾನು ಇನ್ನೂ ಇದೀನಿ. ಅರ್ಧ ಸಮ ಅಂತಾರೆ. ಮೈ ಸಮ ಇರಲ್ಲವಲ್ಲ." ನಾನು ಹೊರಟಾಗ ಬಾಗಿಲ ತನಕ ಬಂದ. "ಟೀಚರೇ, ಹನ್ನೆರಡು ಗಂಟೆ ಅಂತ ಹೇಳಿದ್ದಾಳೆ ನಿಮಗೆಲ್ಲ. ನನಗ್ಯಾಕೋ ಹಾಗನಿಸಲ್ಲ. ಹೋದ ತಿಂಗಳು ಮೈತ್ರಿಗೆ ಹದಿನೆಂಟು ತುಂಬ್ತು. ಅಮ್ಮನ ತಟ್ಟೆಗೆ ಕೂರ್ತೀನಿ ಅಂತ ಆ ಹುಡುಗಿ ನಾಳೆ ಬಸ್ಸಿಗೆ ಬರ್ತಿದ್ದಾಳೆ. ಅವಳು ಬರೋ ತನಕ ಇವಳು ಕಾಯ್ತಾಳಾ?"

ಭಾನುವಾರ ಬೆಳಿಗ್ಗೆ ಮಗನಿಗೆ ಇಡ್ಲಿ ಹಾಕಿಕೊಟ್ಟು, ಮಹಾದೇವ ಸ್ನಾನಕ್ಕಿಳಿದ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡೆ. ಸುಮ್ಮನೆ ನೋಡಿಕೊಂಡು ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿಯೂ ನಾನು ಇನ್ನೂ ನಿರ್ಧಾರ ಮಾಡಿರಲಿಲ್ಲ. ಹನ್ನೆರಡರ ತನಕ ಹೊತ್ತಿದೆಯಲ್ಲ ಎಂಬುದೇ ನನಗಿದ್ದ ಧೈರ್ಯ. ಬೀದಿಯಲ್ಲಿ ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು. ತಟ್ಟೆ ಇಡುವ ದಿನ ಆ ಬೀದಿಯವರು ಹಾಗೆ ಮಾಡುತ್ತಾರೆ, ಯಾರು ಬಂದರು ಯಾರು ಬರಲಿಲ್ಲ ಎಂದು ನೋಡಿದಂತಾಗಬಾರದೆಂದು. ಕಿಟಕಿಯ ಪರದೆಗಳು ಮಾತ್ರ ಅಲ್ಲಲ್ಲಿ ಅಲುಗುತ್ತಿದ್ದವು.

ಕಾತ್ಯಾಯಿನಿಯ ಮನೆಯ ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಬಾಗಿಲು ಹಾಕಬಾರದೆಂಬ ನಿಯಮ ಮೀರುವ ಧೈರ್ಯ ಅವಳಿಗೂ ಇರಲಿಲ್ಲ. ತಳ್ಳಿದೆ. ನಡುಮನೆಯಲ್ಲಿ ಚಾಪೆಯ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದಳು. ಸ್ಟೀಲ್ ತಟ್ಟೆ ತೊಡೆಯ ಮೇಲಿತ್ತು. ಅವಸರವಸರವಾಗಿ, ಅಗಿಯದೆ ನುಂಗುತ್ತಿದ್ದಳು. ಗಂಟಲಲ್ಲಿ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂದಿತ್ತು. ತಟ್ಟೆಯಲ್ಲಿ ಇನ್ನು ಎರಡು ಮೂರು ತುತ್ತು ಉಳಿದಿತ್ತು, ಹೆಚ್ಚಿಲ್ಲ.

"ಕಾತೀ!"

ಅವಳು ಬೆಚ್ಚಿ ತಿರುಗಿದಳು. ನನ್ನನ್ನು ಕಂಡು ತಟ್ಟೆಯನ್ನು ಎದೆಗವುಚಿಕೊಂಡಳು. "ಹೋಗೇ ಇಂದು. ಇನ್ನೇನು ಮುಗೀತು. ಹೋಗು, ನಿನ್ನ ಮಗ ಚಿಕ್ಕವನು."

"ಹನ್ನೆರಡು ಅಂದಿದ್ದೆ."

"ಮೈತ್ರಿ ಬಂದ್ಬಿಡ್ತಾಳೆ ಕಣೆ. ಅವಳು ಕೈ ಹಾಕಿದ್ರೆ ನಾನು ತಡೆಯೋಕಾಗಲ್ಲ. ತಟ್ಟೆ ಇಡದೆ ಸತ್ರೆ ಕೂರೋರೇ ಇರಲಿಲ್ಲ ಅಂತ ನಿಮ್ಮನ್ನೆಲ್ಲ ಆಡ್ಕೋತಾರೆ. ಇಟ್ಟೆ, ತಿಂದೆ. ಎಲ್ಲರಿಗೂ ಒಳ್ಳೇದು. ನೀನು ಹೋಗು."

ಹೋಗಬಹುದಿತ್ತು. ಬಾಗಿಲು ನನ್ನ ಹಿಂದೆಯೇ ಇತ್ತು. ಅವಳೇ ಹೋಗೆಂದಿದ್ದಳು, ಯಾರೂ ನನ್ನನ್ನು ಏನೂ ಅನ್ನುವಂತಿರಲಿಲ್ಲ. ನಾನು ಚಾಪೆಯ ಮೇಲೆ ಅವಳೆದುರು ಕೂತೆ. ಅವಳು ಮುಂದಿನ ತುತ್ತನ್ನು ಬಾಯಿಗಿಟ್ಟುಕೊಂಡಳು. ಅವಳ ಕೆನ್ನೆಗೆ ಅಂಟಿದ್ದ ಅನ್ನದ ಅಗುಳು, ಒಬ್ಬಳೇ ಕದ್ದು ತಿನ್ನುವವಳಂತೆ ಬಗ್ಗಿಸಿದ ಬೆನ್ನು ನೋಡಿ ನನಗೆ ಇನ್ನೊಂದು ಭಯವಾಯಿತು. ಇದನ್ನು ನೋಡಿಕೊಂಡು ಎದ್ದುಹೋದರೆ ಉಳಿದ ಆಯುಷ್ಯವೆಲ್ಲ ಅನ್ನದ ಮುಂದೆ ಹೇಗೆ ಕೂರುವುದು ಎಂಬ ಭಯ. ತಟ್ಟೆಗೆ ಕೈಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಇಷ್ಟು ದಿನ ಕಾಯಿಲೆ ಬಿದ್ದವಳ ಹಿಡಿತವಾಗಿರಲಿಲ್ಲ ಅದು. ಉಗುರು ಚರ್ಮಕ್ಕೆ ಇಳಿಯಿತು. ಇಬ್ಬರೂ ಹುಡುಗಿಯರ ಹಾಗೆ ಎಳೆದಾಡಿದೆವು. ತಟ್ಟೆ ಮಗುಚಿ ಅನ್ನ ಚಾಪೆಯ ಮೇಲೆ ಬಿತ್ತು. ಬಿದ್ದದ್ದನ್ನು ಬಾಚಿ ಬಾಯಿಗಿಟ್ಟುಕೊಂಡೆ. ಮೊಸರು ಹುಳಿಯಾಗಿತ್ತು. ನುಂಗಿದೆ.

ಕಾತ್ಯಾಯಿನಿ ನನ್ನ ಬೆನ್ನಿಗೆ ಗುದ್ದಿದಳು. ಒಂದಾದ ಮೇಲೊಂದು ಗುದ್ದಿದಳು. ಆಮೇಲೆ ನನ್ನ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು. ನನಗೆ ಅಳು ಬರಲಿಲ್ಲ. ನಾನು ನನ್ನ ಮೈಯೊಳಗೆ ಕಿವಿಯಿಟ್ಟು ಕೂತಿದ್ದೆ, ಕತ್ತಲಲ್ಲಿ ಮನೆಯೊಳಗೆ ಯಾರೋ ಬಂದದ್ದು ಗೊತ್ತಾದವರ ಹಾಗೆ.

ಮೈತ್ರಿ ಬ್ಯಾಗು ಹೊತ್ತು ಓಡುತ್ತ ಬಂದಾಗ ಚಾಪೆ ಒರೆಸಿ ಆಗಿತ್ತು. ಬರಿದಾದ ತಟ್ಟೆ ನೋಡಿ ಅವಳು ಅಮ್ಮನನ್ನು ಬಾಯಿಗೆ ಬಂದಂತೆ ಬೈದಳು. ಕಾತ್ಯಾಯಿನಿ ಅಷ್ಟನ್ನೂ ಹಬ್ಬದ ಹಾಡು ಕೇಳುವವಳಂತೆ ಕೇಳಿಸಿಕೊಂಡಳು. ಫರ್ಜಾನ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ತಲೆಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟಿದ್ದಳು. ಬಾಗಿಲಲ್ಲೇ ನಿಂತು ನಮ್ಮ ಮೂವರ ಮುಖ ನೋಡಿ, "ಮುಗಿದೋಯ್ತಾ?" ಎಂದಳು. ಆ ಕ್ಷಣ ಅವಳ ಮುಖದ ಬಿಗಿಯೆಲ್ಲ ಸಡಿಲಿತು. ನಾನು ಅದನ್ನು ನೋಡಿದೆ; ನಾನು ನೋಡಿದ್ದನ್ನು ಅವಳೂ ನೋಡಿದಳು. ಹೊಸ್ತಿಲ ಮೇಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮನೆಗೆ ಬಂದು ಮಹಾದೇವನಿಗೆ ಹೇಳಿದೆ. ಅವರು ಎದ್ದು ಅಂಗಡಿಗೆ ಹೋದರು, ಭಾನುವಾರವಾದರೂ. ಆಮೇಲೆ ಒಂದು ವಾರ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಮಗ ಊಟಕ್ಕೆ ಕೂತರೆ ತನಗೇ ಗೊತ್ತಿಲ್ಲದ ಹಾಗೆ ತಟ್ಟೆಯನ್ನು ನನ್ನಿಂದ ದೂರ ಸರಿಸಿಕೊಳ್ಳುತ್ತಿದ್ದ. ಹಂಚಿಯಾದ ಕಾಯಿಲೆ ಮತ್ತೆ ಹಂಚಿಕೆಯಾಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಕೈ ಮಾತ್ರ ಸರಿಸುತ್ತಿತ್ತು. ಎಂಟನೆಯ ದಿನವೋ ಏನೋ, ಶಾಲೆಗೆ ಹೊರಟವಳು ರವಿಕೆಯ ಗುಂಡಿ ಹಾಕಲಾಗದೆ ಕನ್ನಡಿಯ ಮುಂದೆ ನಿಂತಿದ್ದೆ. ಬೆರಳುಗಳಲ್ಲಿ ಶಕ್ತಿಯಿರಲಿಲ್ಲ. ಮಹಾದೇವ ಬಂದು ತಾವೇ ಗುಂಡಿ ಹಾಕಿದರು.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀನು."

"ಕೇಳಿದ್ರೆ ಏನಂತಿದ್ರಿ?"

"ಬೇಡ ಅಂತಿದ್ದೆ" ಅಂದರು. ಕೊನೆಯ ಗುಂಡಿ ಹಾಕಿ, ಸೆರಗು ಸರಿಮಾಡಿ, ಸ್ಕೂಟರಿನಲ್ಲಿ ನನ್ನನ್ನು ಶಾಲೆಯ ತನಕ ಬಿಟ್ಟುಬಂದರು. ಆವತ್ತಿನಿಂದ ದಿನವೂ ಬಿಡುತ್ತಾರೆ.

ಹೆಡ್‌ಮಿಸ್ ಕುರ್ಚಿಯಲ್ಲಿ ನನಗಿಂತ ಚಿಕ್ಕವರು ಕೂತರು. ಫರ್ಜಾನಳ ಮಗಳ ಮದುವೆ ಚೆನ್ನಾಗಿ ನಡೆಯಿತು. ಗಂಡಿನ ಕಡೆಯವರು ಕೇಳಿದಾಗ, ನಾನು ಯಾವ ದೊಡ್ಡ ತಟ್ಟೆಗೂ ಕೂತಿಲ್ಲ ಎಂದು ಅವಳು ಸುಳ್ಳಿಲ್ಲದೆ ಹೇಳಬಹುದಾಗಿತ್ತು, ಹೇಳಿದಳು. ಶುಕ್ರವಾರಗಳಂದು ನಮ್ಮಿಬ್ಬರ ಮನೆಗೂ ಅಡುಗೆ ಮಾಡಿ ತರುತ್ತಾಳೆ. ಒಂದು ಸಲ ಡಬ್ಬಿಯ ಮುಚ್ಚಳ ತೆಗೆಯುತ್ತ, "ಆವತ್ತು ನಾನು ಬೇಕಂತಲೇ ಬೇಗ ಬರಲಿಲ್ಲ ಅಂತ ನಿನಗನ್ಸುತ್ತಾ ಇಂದು?" ಎಂದು ಕೇಳಿದಳು.

"ಇಲ್ಲ ಕಣೆ. ಹೇಳಿದ ಹೊತ್ತಿಗೆ ಬಂದೆಯಲ್ಲ."

"ನನಗನ್ಸುತ್ತೆ" ಅಂದಳು.

ಕಾತ್ಯಾಯಿನಿಯ ಮದುವೆ ಶ್ರಾವಣದಲ್ಲೇ ಆಯಿತು. ಅವಳು, ಭುಜಂಗ, ಸಾಕ್ಷಿಗೆ ಮೈತ್ರಿ ಮತ್ತು ನಾವು. ದೀಪಾವಳಿಯೂ ಬಂದು ಹೋಯಿತು. ನಮ್ಮಿಬ್ಬರಿಗೂ ಕೆಲವು ದಿನಕ್ಕೊಮ್ಮೆ ಚಳಿ ನಡುಕ ಬರುತ್ತದೆ, ಹೇಳದೆ ಕೇಳದೆ, ಇಬ್ಬರಿಗೂ ಒಂದೇ ಹೊತ್ತಿಗೆ. ಮೊದಲ ಸಲ ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಹಲ್ಲು ಕಟಕಟ ಕಡಿಯುತ್ತಿರುವಾಗಲೇ ಫೋನು ಬಂತು. "ನಿನಗೂ ಬಂತಾ?" ಎಂದಳು. "ಬಂತು" ಅಂದೆ. "ಹೆದರ್ಕೋಬೇಡ. ಹೋಗುತ್ತೆ. ಫೋನ್ ಇಡಬೇಡ." ಅಂದಿನಿಂದ ಅದೇ ರೂಢಿಯಾಯಿತು. ನಡುಕ ಶುರುವಾದರೆ ಯಾರಿಗೆ ಮೊದಲು ಬೆರಳಾಡುತ್ತದೋ ಅವರು ಫೋನು ಮಾಡುವುದು, ಚಳಿ ಬಿಡುವ ತನಕ ಒಬ್ಬರ ಉಸಿರು ಒಬ್ಬರು ಕೇಳುತ್ತ ಕೂರುವುದು.

ಕಳೆದ ವಾರ ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಚಳಿ ಬಂತು. ಮಕ್ಕಳಿಗೆ ಲೆಕ್ಕ ಕೊಟ್ಟು ಹೊರಗೆ ಬಂದು ಕಾದೆ. ಫೋನು ಬರಲಿಲ್ಲ. ನಾನೇ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಭುಜಂಗನಿಗೆ ಮಾಡಿದರೆ, ಬೆಳಿಗ್ಗೆ ಸಬ್‌ಸ್ಟೇಷನ್ನಿಗೆ ಹೋದಳು ಅಂದ.

ಅರ್ಧ ಸಮ, ಮೈ ಸಮ ಇರುವುದಿಲ್ಲ. ಆಟೋ ಹಿಡಿದೆ. ದಾರಿಯುದ್ದಕ್ಕೂ ನನ್ನ ಮೈಯ ನಡುಕವನ್ನೇ ಗಮನಿಸುತ್ತಿದ್ದೆ. ಅವಳು ಹೋಗಿಬಿಟ್ಟಿದ್ದರೆ ಇದು ನಿಲ್ಲುತ್ತದೆಯೋ, ಹೆಚ್ಚಾಗುತ್ತದೆಯೋ ನನಗೆ ಗೊತ್ತಿರಲಿಲ್ಲ. ಒಂದು ಕಡೆ ಸ್ವಲ್ಪ ಕಡಿಮೆಯಾದಂತಾಯಿತು. ಕಡಿಮೆಯಾಗಬೇಡ, ಕಡಿಮೆಯಾಗಬೇಡ ಎಂದು ಬೇಡಿಕೊಂಡೆ.

ಸಬ್‌ಸ್ಟೇಷನ್ನಿನ ಗೇಟು ದಾಟಿ ಓಡಿದೆ. ಓಡಿದೆನೆಂದರೆ, ಗೋಡೆ ಹಿಡಿದುಕೊಂಡು ಆದಷ್ಟು ಬೇಗ ನಡೆದೆ. ಲೈನ್‌ಮನ್ನುಗಳ ಕೋಣೆಯಲ್ಲಿ ಕಬ್ಬಿಣದ ಬೆಂಚಿನ ಮೇಲೆ ಅವಳು ಕೂತಿದ್ದಳು. ಮೈಗೆಲ್ಲ ಯಾರದೋ ಕೋಟು ಸುತ್ತಿಕೊಂಡು ಗಡಗಡ ನಡುಗುತ್ತಿದ್ದಳು. ನನ್ನನ್ನು ಕಂಡು ಕಣ್ಣರಳಿಸಿದಳು.

"ಚಾರ್ಜ್ ಇರಲಿಲ್ಲ ಕಣೇ" ಅಂದಳು. "ಬೆಳಿಗ್ಗೆಯಿಂದ ಕರೆಂಟ್ ತೆಗೆದಿದ್ವಿ."

ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಏಳಲಿಲ್ಲ. ಅವಳ ಪಕ್ಕ ಕೂತೆ. ಅವಳು ಕೋಟಿನ ಒಂದು ಬದಿ ಎಳೆದು ನನಗೆ ಹೊದಿಸಿದಳು. ಬೆಂಚಿನ ಒಂದು ಕಾಲು ಕುಂಟಾಗಿತ್ತು. ನಮ್ಮಿಬ್ಬರ ನಡುಕಕ್ಕೆ ಅದು ಟಕಟಕ ನೆಲಕ್ಕೆ ಬಡಿಯುತ್ತಿತ್ತು. ಒಳಗೆ ಬಂದ ಲೈನ್‌ಮನ್ ಒಬ್ಬ ನಮ್ಮನ್ನು ನೋಡಿ ಬಾಗಿಲೆಳೆದುಕೊಂಡು ಹೋದ. ಸದ್ದು ನಿಧಾನವಾಗಿ ಕಡಿಮೆಯಾಗುತ್ತ ಬಂತು. ಯಾರ ನಡುಕ ಮೊದಲು ನಿಲ್ಲುತ್ತದೋ ಎಂದು ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕಾಯುತ್ತ ಕೂತೆವು.